ಸ್ಕೌಟ್ಸ್–ಗೈಡ್ಸ್ ಬೇಸಿಗೆ ಶಿಬಿರ: ತರಗತಿ ಆರಿಸುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್‌ನಲ್ಲಿ ಶಾಲೆಗೆ ಸೂಟಿ ಬಿಡುವ ಹೊತ್ತಿಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಪಾಲಕರು ಸ್ಕೌಟ್ ಮಾಸ್ಟರ್‌ಗಳನ್ನೂ ಗೈಡ್ ಕ್ಯಾಪ್ಟನ್‌ಗಳನ್ನೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅರ್ಜಿಯಲ್ಲಿ ಚಟುವಟಿಕೆಗಳ ಪಟ್ಟಿ ಇರುತ್ತದೆ. ಪ್ರಥಮ ಚಿಕಿತ್ಸೆ, ಪಯನಿಯರಿಂಗ್, ಅಡುಗೆ, ನಕ್ಷೆ–ದಿಕ್ಸೂಚಿ, ನಿಸರ್ಗ ವೀಕ್ಷಣೆ, ನಕ್ಷತ್ರ ವೀಕ್ಷಣೆ, ಈಜು, ಕರಕುಶಲ ಹೀಗೆ. ಗುರುತು ಹಾಕುವ ಮುಂಚೆ ಮಕ್ಕಳೂ ಮನೆಯವರೂ ಒಟ್ಟಿಗೆ ಕೂತು ಇದನ್ನು ಓದಿ. ಎಲ್ಲವನ್ನೂ ಒಂದೇ ಸಲಕ್ಕೆ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ಹೋಗಿ.

ಒಟ್ಟು ಎಷ್ಟು ತರಗತಿ ಆರಿಸಬೇಕು?

ಐದಾರು ದಿನದ ಶಿಬಿರವಾದರೆ ಎರಡು. ಮೂರನೆಯದು ಬೇಕೇ ಬೇಕು ಅನ್ನುವ ಮಗುವಿಗೆ ಹಾಡು, ಕರಕುಶಲದಂಥ ಹಗುರವಾದದ್ದೊಂದು ಸೇರಿಸಬಹುದು.

ಪಾಲಕರಿಗೆ ಇದು ಕಡಿಮೆ ಅನಿಸುತ್ತದೆ, ನಮಗೆ ಗೊತ್ತು. ಆದರೆ ಶಿಬಿರದ ದಿನ ತರಗತಿಗಳಿಂದಷ್ಟೇ ತುಂಬುವುದಿಲ್ಲ. ಬೆಳಿಗ್ಗೆ ಬಿಪಿ (ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್) ವ್ಯಾಯಾಮ, ಧ್ವಜಾರೋಹಣ, ತಪಾಸಣೆ, ತಮ್ಮ ಪೆಟ್ರೋಲ್‌ನ (ಆರೆಂಟು ಮಕ್ಕಳ ತಂಡ) ಕಸ ಗುಡಿಸುವುದು, ನೀರು ತುಂಬುವುದು, ಪಾತ್ರೆ ತೊಳೆಯುವುದು, ಸಂಜೆ ಆಟ, ರಾತ್ರಿ ಕ್ಯಾಂಪ್ ಫೈರ್ ಎಲ್ಲವೂ ಅದರೊಳಗೇ ಆಗಬೇಕು. ಮೇಲೆ ನಮ್ಮ ಬಿಸಿಲು. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಏನನ್ನೂ ಕಲಿಸಲಾಗದು. ಉಳಿದ ಹೊತ್ತಿನಲ್ಲಿ ನಾಲ್ಕು ತರಗತಿ ತುರುಕಿದರೆ ಮಗು ನಾಲ್ಕು ಕಡೆ ಹಾಜರಿ ಹಾಕಿ ಬರುತ್ತದೆ, ಕೈಗೆ ಯಾವ ಕೆಲಸವೂ ಹತ್ತುವುದಿಲ್ಲ. ಎರಡನ್ನೇ ಆರಿಸಿ ಮೂರು ವಾರ ಮುಂಚಿನಿಂದ ಮನೆಯಲ್ಲಿ ತಯಾರಿ ಮಾಡಿಸಿದರೆ ಅದೇ ಮಗು ಶಿಬಿರದಲ್ಲಿ ಬೇರೆಯವರಿಗೆ ಹೇಳಿಕೊಡುವ ಮಟ್ಟಕ್ಕೆ ಬರುತ್ತದೆ.

ಎರಡೇ ಅಂದರೆ ಯಾವ ಎರಡು?

ಒಂದು, ಮಗು ತಾನಾಗಿ ಇಷ್ಟಪಟ್ಟದ್ದು. ಇನ್ನೊಂದು, ಮಗು ಇದುವರೆಗೆ ಮುಟ್ಟದೆ ದೂರವೇ ಉಳಿದದ್ದು. ಒಲೆ ಹಚ್ಚಲು ಹೆದರುವ ಹುಡುಗನಿಗೆ ಅಡುಗೆ, ಕತ್ತಲೆಗೆ ಅಂಜುವ ಹುಡುಗಿಗೆ ನಕ್ಷತ್ರ ವೀಕ್ಷಣೆ. ಎರಡನೆಯದನ್ನು ಒತ್ತಾಯದಿಂದ ಹೇರಬೇಡಿ. “ಇದನ್ನೂ ನೋಡೋಣವಾ?” ಎಂದು ಕೇಳಿ, ಒಪ್ಪಿದರೆ ಹಾಕಿ.

ಪ್ರಥಮ ಚಿಕಿತ್ಸೆಯನ್ನು ಇನ್ನೂ ಕಲಿಯದ ಮಗುವಾದರೆ ಎರಡರಲ್ಲಿ ಒಂದು ಅದೇ ಆಗಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪ್ರಥಮ ಸೋಪಾನದಿಂದ ಮೇಲೆ ಹೋದಂತೆಲ್ಲ ಅದು ಮತ್ತೆ ಮತ್ತೆ ಎದುರಾಗುತ್ತದೆ. ಪರೀಕ್ಷೆಯ ಮಾತು ಹಾಗಿರಲಿ, ಹೊಲ, ಕಾಲುವೆ, ಗಣಿ ಲಾರಿ ಓಡಾಡುವ ರಸ್ತೆ ಇರುವ ನಮ್ಮ ಊರುಗಳಲ್ಲಿ ಮನೆಗೊಬ್ಬರಿಗಾದರೂ ಅದು ಗೊತ್ತಿರಬೇಕು.

ಸೋಪಾನ, ಬ್ಯಾಡ್ಜ್ ಅಂತೆಲ್ಲ ಹೇಳುತ್ತೀರಿ. ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳಿ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ 1950ರ ನವೆಂಬರ್ 7ರಂದು ಹುಟ್ಟಿದ್ದು. ಇದರಲ್ಲಿ ಗಂಡುಮಕ್ಕಳು ಸ್ಕೌಟ್, ಹೆಣ್ಣುಮಕ್ಕಳು ಗೈಡ್. ವಯಸ್ಸು 10ರಿಂದ 17. ಅದಕ್ಕಿಂತ ಚಿಕ್ಕವರು ಕಬ್ ಮತ್ತು ಬುಲ್‌ಬುಲ್, ಅವರ ಕಲಿಕೆಯೇ ಬೇರೆ. ಸ್ಕೌಟ್, ಗೈಡ್‌ಗಳಿಗೆ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಈ ಮೆಟ್ಟಿಲುಗಳ ಜೊತೆಗೆ ಅಡುಗೆ, ಆಂಬುಲೆನ್ಸ್, ಪಯನಿಯರ್, ನಿಸರ್ಗ, ಸೈಕಲ್ ಹೀಗೆ ಒಂದೊಂದು ವಿದ್ಯೆಗೂ ಪ್ರಾವೀಣ್ಯ ಬ್ಯಾಡ್ಜ್ ಇರುತ್ತದೆ. ಮಗು ಈಗ ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯದೆ ಅರ್ಜಿ ತುಂಬಬೇಡಿ. ನಿಮ್ಮ ಶಾಲೆಯ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಬಳಿ ದಾಖಲೆ ಇರುತ್ತದೆ, ಐದು ನಿಮಿಷದ ಕೆಲಸ.

ಶಿಬಿರಕ್ಕೆ ಕಳಿಸಿದರೆ ಬ್ಯಾಡ್ಜ್ ಕೈಗೆ ಬಂದ ಹಾಗೇ ತಾನೆ?

ಹಾಗೆ ತಿಳಿದು ಕಳಿಸಬೇಡಿ. ಶಿಬಿರದಲ್ಲಿ ಕಲಿಕೆ ನಡೆಯುತ್ತದೆ. ಕೆಲವು ಬ್ಯಾಡ್ಜ್‌ಗಳಲ್ಲಿ ವಾರಗಟ್ಟಲೆ ಮಾಡಿ ದಾಖಲೆ ಇಡಬೇಕಾದ ಕೆಲಸವೂ ಇರುತ್ತದೆ, ಗಿಡ ಬೆಳೆಸುವುದು, ಹಕ್ಕಿಗಳ ಟಿಪ್ಪಣಿ ಬರೆಯುವುದು ಇತ್ಯಾದಿ. ಅವನ್ನು ಐದು ದಿನದಲ್ಲಿ ಯಾರೂ ಮುಗಿಸಲಾರರು. ಆದ್ದರಿಂದ ಆ ತರಗತಿ ಬೇಕೆಂದರೆ ಮಾರ್ಚ್‌ನಲ್ಲೇ ನೋಟ್‌ಬುಕ್ ತೆರೆಯಿರಿ. ತಾರೀಖು ಹಾಕಿ, ಕಂಡದ್ದನ್ನು ಮಗುವೇ ತನ್ನ ಮಾತಿನಲ್ಲಿ ಬರೆಯಲಿ. ಅಕ್ಕನೋ ಟ್ಯೂಷನ್ ಸರ್ ಅವರೋ ಬರೆದುಕೊಟ್ಟ ಲಾಗ್ ಬುಕ್ ಎರಡು ಪ್ರಶ್ನೆ ಕೇಳಿದರೆ ಗೊತ್ತಾಗಿಬಿಡುತ್ತದೆ.

ನಮ್ಮ ಕಡೆಯ ಬಿಸಿಲಿನಲ್ಲಿ ಬೇಸಿಗೆ ಶಿಬಿರ ಮಾಡುವುದೇ ಸರಿಯೇ? ತರಗತಿ ಆರಿಸುವಾಗ ಬಿಸಿಲನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಪಟ್ಟಿಯಲ್ಲಿರುವ ಹೆಸರಿಗಿಂತ ಮೊದಲು ವೇಳಾಪಟ್ಟಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ವೇಳೆ ಬದಲಿಸಿಕೊಳ್ಳುತ್ತವೆ. ಮಕ್ಕಳ ಶಿಬಿರ ಅದಕ್ಕಿಂತ ಮುಂಚೆ ಶುರುವಾಗಬೇಕು. ಚಾರಣ, ನಕ್ಷೆ ಹಿಡಿದು ನಡೆಯುವುದು, ಬೊಂಬು ಕಟ್ಟಿ ಗೋಪುರ ನಿಲ್ಲಿಸುವುದು ಬೆಳಿಗ್ಗೆ 6ರಿಂದ 9ರೊಳಗೆ ಇರಲಿ. ಪ್ರಥಮ ಚಿಕಿತ್ಸೆ, ಗಂಟು ಕಲಿಕೆ, ಕರಕುಶಲ ಮಧ್ಯಾಹ್ನ ನೆರಳಲ್ಲಿ ನಡೆಯಲಿ. ಯಾವ ಶಿಬಿರವಾದರೂ ಮಧ್ಯಾಹ್ನ 2 ಗಂಟೆಗೆ ಬಯಲಿನಲ್ಲಿ ಚಾರಣ ಅಂತ ಹಾಕಿದ್ದರೆ ಸಂಕೋಚ ಬೇಡ, ಕಾರಣ ಕೇಳಿ. ಬದಲಿಸದಿದ್ದರೆ ಆ ತರಗತಿಯನ್ನು ಬಿಡಿಸಿ.

ತಯಾರಿ ಮನೆಯಲ್ಲೇ ಶುರುವಾಗಬೇಕು. ಇಡೀ ಸೂಟಿ ಫ್ಯಾನ್ ಕೆಳಗೆ ಮಲಗಿದ್ದ ಮಗು ಒಮ್ಮೆಲೇ ಶಿಬಿರದ ಬಯಲಿಗೆ ಬಂದರೆ ಮೊದಲ ದಿನವೇ ಸುಸ್ತಾಗುತ್ತದೆ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಅದಕ್ಕಾಗಿ ದಿನಾ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆಯಿಂದ ಶುರುಮಾಡಿ ನಡಿಗೆ, ಸೈಕಲ್ ಹೆಚ್ಚಿಸುತ್ತ ಹೋಗಿ. ನೀರಡಿಕೆ ಆದಮೇಲೆ ಕುಡಿಯುವುದಲ್ಲ, ತಾಸಿಗೊಮ್ಮೆ ನೆನಪಿಟ್ಟು ಕುಡಿಯುವ ರೂಢಿ ಬೀಳಲಿ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಅಂಬಲಿ ನಮ್ಮಲ್ಲಿ ಇದ್ದದ್ದೇ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಬಿಸಿಲಿನಲ್ಲಿದ್ದ ಮಗು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಇದನ್ನು ಮಕ್ಕಳಿಗೂ ಕಲಿಸಿ ಕಳಿಸಿ, ಪಕ್ಕದ ಗೆಳೆಯನ ಸ್ಥಿತಿ ಮೊದಲು ಕಾಣುವುದು ಅವರಿಗೇ.

ಪ್ರಥಮ ಚಿಕಿತ್ಸೆ ತರಗತಿಗೆ ಮುಂಚೆ ಏನು ಕಲಿತಿರಬೇಕು?

ಮೊದಲಿಗೆ, ಕೊರಳಿನ ಸ್ಕಾರ್ಫನ್ನು ಬಿಚ್ಚಿ ತ್ರಿಕೋನ ಬ್ಯಾಂಡೇಜ್ ಆಗಿ ಮಡಚುವುದು, ಅದನ್ನು ಕೈತೂಗಾಗಿ ಕಟ್ಟಿ ರೀಫ್ ಗಂಟು ಹಾಕುವುದು. ರೀಫ್ ಗಂಟು ಚಪ್ಪಟೆಯಾಗಿ ಕೂರುವುದರಿಂದ ರೋಗಿಗೆ ಒತ್ತುವುದಿಲ್ಲ, ಬಿಚ್ಚುವುದೂ ಸುಲಭ. ತಮ್ಮನನ್ನೋ ಅಜ್ಜನನ್ನೋ ಕೂರಿಸಿಕೊಂಡು ದಿನಕ್ಕೆರಡು ಸಲ ಕಟ್ಟಿ ಬಿಚ್ಚಿದರೆ ಸಾಕು.

ಆಮೇಲೆ, ಮನೆಯಲ್ಲಿ ರೂಢಿಯಾಗಿರುವ ಕೆಲವು ತಪ್ಪುಗಳನ್ನು ಬಿಡಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಹರಿಯುವ ತಣ್ಣೀರು, ಅದೂ 20 ನಿಮಿಷ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬಾರದು, ಮುಂದಕ್ಕೆ ಬಗ್ಗಿಸಿ ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಹಿಡಿಯಬೇಕು.

ಹಾವಿನ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತೇವೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ನಮ್ಮ ಸೀಮೆಯಲ್ಲಿವೆ. ಕಚ್ಚಿದ ಜಾಗ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು, ಮಂತ್ರ ಹಾಕಿಸಲು ಒಯ್ಯುವುದು ಎಲ್ಲವೂ ಜೀವಕ್ಕೆ ಕುತ್ತು. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಆ ಕೈ ಅಥವಾ ಕಾಲಿಗೆ ಕಟ್ಟಿಗೆಯ ಆಸರೆ ಕೊಟ್ಟು, ಉಂಗುರ, ಬಳೆ, ಕಾಲ್ಗಡಗ ತೆಗೆದು, ಪ್ರತಿವಿಷ ಸಿಗುವ ಆಸ್ಪತ್ರೆಗೆ ನೇರ ಒಯ್ಯಬೇಕು. ಹಾವನ್ನು ಹುಡುಕಿ ಹೊಡೆಯುತ್ತ ಸಮಯ ಕಳೆಯಬಾರದು. ಈ ಒಂದು ಪ್ಯಾರಾ ಮಗುವಿಗೆ ಬಾಯಿಪಾಠ ಬರುವ ಹಾಗೆ ಮಾಡಿ.

ಪಯನಿಯರಿಂಗ್ ಅಂದರೆ ಏನು? ಹಗ್ಗ ಎಂಥದ್ದು ತರಬೇಕು?

ಹಗ್ಗ ಮತ್ತು ಬೊಂಬು ಇಷ್ಟರಿಂದಲೇ ಬೇಕಾದ್ದನ್ನು ಕಟ್ಟುವ ವಿದ್ಯೆ. ಚಪ್ಪಲಿ ಸ್ಟ್ಯಾಂಡಿನಿಂದ ಹಿಡಿದು ಕಾಲುಸೇತುವೆ, ವೀಕ್ಷಣಾ ಗೋಪುರದವರೆಗೆ ಮೊಳೆಯಿಲ್ಲದೆ ನಿಲ್ಲಿಸುತ್ತಾರೆ. ಮಕ್ಕಳು ಅತಿ ಹೆಚ್ಚು ಖುಷಿಪಡುವ ತರಗತಿ ಇದು. ಹಾಗೆಯೇ ತಯಾರಿಯಿಲ್ಲದೆ ಬಂದವರು ಅತಿ ಹೆಚ್ಚು ಬೇಸರಪಡುವುದೂ ಇದರಲ್ಲೇ. ಎಲ್ಲರೂ ಗೋಪುರ ಕಟ್ಟುವಾಗ ಕ್ಲೋವ್ ಹಿಚ್ ಎಂಬ ಗಂಟು ಬಾರದವನು ಬೊಂಬು ಹಿಡಿದು ನಿಂತುಕೊಳ್ಳಬೇಕಾಗುತ್ತದೆ.

ಬರುವ ಮುಂಚೆ ಈ ಗಂಟುಗಳು ಕಣ್ಣು ಮುಚ್ಚಿ ಬರಲಿ: ರೀಫ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್, ಫಿಶರ್‌ಮನ್, ರೌಂಡ್ ಟರ್ನ್ ಆ್ಯಂಡ್ ಟೂ ಹಾಫ್ ಹಿಚಸ್. ಕಣ್ಣು ಮುಚ್ಚಿ ಎಂದದ್ದು ಸುಮ್ಮನೆ ಅಲ್ಲ. ರಾತ್ರಿ ಗಾಳಿಗೆ ಟೆಂಟಿನ ಹಗ್ಗ ಸಡಿಲಾದರೆ ಕತ್ತಲೆಯಲ್ಲೇ ಕಟ್ಟಬೇಕು. ಹೆಸರು ಬಾಯಿಪಾಠ ಮಾಡಿದರೆ ಸಾಲದು, ಯಾವುದು ಎಲ್ಲಿಗೆ ಅನ್ನುವುದೂ ಗೊತ್ತಿರಲಿ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸಲು ಶೀಟ್ ಬೆಂಡ್. ಸೊಂಟಕ್ಕೆ ಕುಣಿಕೆ ಹಾಕಬೇಕಾದರೆ ಬಿಗಿಯಾಗದೆ ನಿಲ್ಲುವ ಬೋಲೈನ್. ರೀಫ್ ಗಂಟಿನ ಮೇಲೆ ಯಾರ ಭಾರವನ್ನೂ ಹಾಕಬಾರದು, ಅದು ಜಾರುತ್ತದೆ.

ಎರಡು ಬೊಂಬು ಅಡ್ಡ ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಕೂಡ ಒಮ್ಮೆ ಮಾಡಿ ನೋಡಿರಲಿ. ನೆಟ್ಟ ಬೊಂಬಿಗೆ ಕ್ಲೋವ್ ಹಿಚ್ ಹಾಕಿ ಶುರು, ಎರಡೂ ಬೊಂಬು ಸೇರಿಸಿ ಮೂರು ಸುತ್ತು, ನಡುವೆ ಎರಡು ಬಿಗಿಸುತ್ತು, ಕೊನೆಗೆ ಅಡ್ಡ ಬೊಂಬಿಗೆ ಮತ್ತೊಂದು ಕ್ಲೋವ್ ಹಿಚ್. ಒಂದೊಂದು ಸುತ್ತನ್ನೂ ಹಾಕುವಾಗಲೇ ಎಳೆದು ಬಿಗಿಸಬೇಕು, ಕೊನೆಗೆ ಎಳೆದರೆ ಪ್ರಯೋಜನವಿಲ್ಲ. ಮನೆಯಲ್ಲಿ ಬೊಂಬಿಲ್ಲದಿದ್ದರೆ ಎರಡು ಪೊರಕೆ ಕೋಲು, ಹಳೆಯ ಸಲಿಕೆ ಕಾವು ಏನಾದರೂ ನಡೆಯುತ್ತದೆ.

ಅಭ್ಯಾಸಕ್ಕೆ ಪೆನ್ಸಿಲ್ ದಪ್ಪದ ನೂಲಿನ ಹಗ್ಗ ಮೂರು ಮೀಟರ್ ಕೊಡಿಸಿ. ನೈಲಾನ್ ಹಗ್ಗ ನುಣುಪು, ಕಲಿಯುವವರ ಕೈಯಲ್ಲಿ ಗಂಟು ನಿಲ್ಲುವುದಿಲ್ಲ. ಮನೆಯಲ್ಲಿ ಎತ್ತು, ಎಮ್ಮೆ ಕಟ್ಟುವವರಿದ್ದರೆ ಅವರ ಹತ್ತಿರ ಒಂದು ಸಂಜೆ ಕೂರಿಸಿ. ದನ ಕಟ್ಟುವ ಗಂಟು, ಮೇವಿನ ಹೊರೆ ಬಿಗಿಯುವ ಗಂಟು, ಗಾಡಿಗೆ ಹೇರು ಕಟ್ಟುವ ಗಂಟು ನೋಡಿದ ಮಗು ಶಿಬಿರದಲ್ಲಿ ಬೇಗ ಕಲಿಯುತ್ತದೆ. ಹಂಪಿ, ಆನೆಗೊಂದಿ ಕಡೆ ಹರಿಗೋಲು ಹೆಣೆಯುವವರು ಬೊಂಬಿನ ಪಟ್ಟಿಗಳನ್ನು ಹೇಗೆ ಕೂಡಿಸುತ್ತಾರೆ ಎಂದು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಅಡುಗೆ ತರಗತಿ ಗಂಡು ಹುಡುಗರಿಗೂ ಬೇಕೇ?

ಬೇಕು. ಇದನ್ನು ಇನ್ನೂ ಕೇಳುತ್ತಾರೆ, ಅದಕ್ಕೇ ಬರೆಯಬೇಕಾಯಿತು. ಸ್ಕೌಟಿಂಗ್‌ನಲ್ಲಿ ತನ್ನ ಅನ್ನ ತಾನು ಬೇಯಿಸಿಕೊಳ್ಳುವುದು ಮೊದಲಿನಿಂದಲೂ ಇದೆ.

ಮನೆಯಲ್ಲಿ ಮೂರು ಕೆಲಸ ಕಲಿಸಿ: ಈರುಳ್ಳಿ, ಟೊಮೆಟೊ ಹೆಚ್ಚುವುದು, ಅಕ್ಕಿಗೆ ನೀರಿನ ಅಳತೆ, ಕಟ್ಟಿಗೆ ಒಲೆ ಹಚ್ಚಿ ಉರಿ ಏರಿಸಿ ಇಳಿಸುವುದು. ಗ್ಯಾಸ್ ಮಾತ್ರ ಕಂಡ ಪೇಟೆ ಮಕ್ಕಳಿಗೆ ಕೊನೆಯದೇ ಕಷ್ಟ. ಗಾಳಿ ಬೀಸುವ ಕಡೆಗೆ ಒಲೆಯ ಬಾಯಿ ಇರಬೇಕು, ಮೊದಲು ಪುರುಳೆ, ಮೇಲೆ ಬೆರಳು ಗಾತ್ರದ ಕಡ್ಡಿ, ಆಮೇಲೆ ಕಟ್ಟಿಗೆ. ಒಮ್ಮೆಲೇ ದಪ್ಪ ಕಟ್ಟಿಗೆ ತುರುಕಿದರೆ ಹೊಗೆಯೇ ಹೊರತು ಉರಿಯಿಲ್ಲ. ಪಾತ್ರೆಯ ಹೊರಗೆ ತಳಕ್ಕೆ ಬೂದಿಯನ್ನೋ ಕೆಮ್ಮಣ್ಣನ್ನೋ ನೀರಲ್ಲಿ ಕಲಸಿ ಬಳಿದರೆ ಮಸಿ ಸುಲಭವಾಗಿ ಬಿಡುತ್ತದೆ. ಅಜ್ಜಿಯರಿಗೆಲ್ಲ ಗೊತ್ತಿರುವ ವಿಷಯ, ಕೇಳಿ ಕಲಿಯಲಿ.

ಶಿಬಿರದಲ್ಲಿ ಉಪ್ಪಿಟ್ಟು, ಅನ್ನ–ಸಾರು, ಚಿತ್ರಾನ್ನದಂಥವು ನಡೆಯುತ್ತವೆ. ಪಾತ್ರೆ ಇಲ್ಲದೆ ಮಾಡುವ ಅಡುಗೆಗೆ ಕೆಂಡದಲ್ಲಿ ಬದನೆಕಾಯಿ ಸುಟ್ಟು ಬಜ್ಜಿ ಮಾಡುವುದಕ್ಕಿಂತ ಒಳ್ಳೆಯ ಆರಂಭ ನಮ್ಮ ಕಡೆ ಇಲ್ಲ. ಜೋಳದ ರೊಟ್ಟಿಯನ್ನು ಮೊದಲ ಸಲ ಶಿಬಿರದಲ್ಲೇ ಬಡಿಯಲು ಹೋಗುವುದು ಬೇಡ. ಹಿಟ್ಟು ಜಿಗುಟು ಬರುವಂತೆ ನಾದುವುದೇ ಒಂದು ವಿದ್ಯೆ, ಅದನ್ನು ಅವ್ವನ ಪಕ್ಕ ಕೂತು ಕಲಿತು ಬಂದರೆ ಇಡೀ ಪೆಟ್ರೋಲ್‌ಗೆ ಹಬ್ಬ. ನೈಲಾನ್ ಬಟ್ಟೆ ಹಾಕಿಕೊಂಡು ಒಲೆಯ ಹತ್ತಿರ ಹೋಗಬಾರದು, ಸ್ಕಾರ್ಫ್ ಬಿಚ್ಚಿಡಬೇಕು.

ದಿಕ್ಸೂಚಿ ಕೊಡಿಸಬೇಕೇ? ಮೊಬೈಲಿನಲ್ಲೇ ಇದೆಯಲ್ಲ?

ಮೊಬೈಲ್ ಶಿಬಿರದಲ್ಲಿ ಕೈಗೆ ಸಿಗುವುದಿಲ್ಲ, ಸಿಕ್ಕರೂ ಚಾರ್ಜ್ ಉಳಿಯುವುದಿಲ್ಲ. ಸಾಧಾರಣ ದಿಕ್ಸೂಚಿ ಪೆಟ್ರೋಲ್‌ಗೆ ಒಂದಿದ್ದರೆ ಸಾಕು. ಮಗು ಕಲಿತಿರಬೇಕಾದದ್ದು 16 ದಿಕ್ಕುಗಳು, ನೂರು ಮೀಟರ್‌ಗೆ ತನ್ನ ಹೆಜ್ಜೆ ಎಷ್ಟು ಎಂಬ ಲೆಕ್ಕ, ನಕ್ಷೆಯ ಅಳತೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಸಂಡೂರಿನ ಅದಿರಿನ ಗುಡ್ಡಗಳ ಮೇಲೆ ನಿಂತು ನೋಡುವಾಗ ಕಬ್ಬಿಣದ ಕಲ್ಲಿನ ಪಕ್ಕ ಮುಳ್ಳು ವಾಲಬಹುದು. ಹಾಗಾಗಿ ಎರಡು ಮೂರು ಕಡೆ ನಿಂತು ಅಳೆದು ತಾಳೆ ನೋಡುವ ರೂಢಿ ಇರಲಿ. ಚಾಕು, ಬೆಲ್ಟಿನ ಬಕಲ್, ಮೊಬೈಲ್ ಕೂಡ ಮುಳ್ಳನ್ನು ಎಳೆಯುತ್ತವೆ.

ಕೋಲು ನೆಟ್ಟು ನೆರಳಿನಿಂದ ದಿಕ್ಕು ಹುಡುಕುವುದನ್ನು ಎಲ್ಲರೂ ಕಲಿಸುತ್ತಾರೆ. ಮೇ ತಿಂಗಳಿನಲ್ಲಿ ಒಂದು ವಿಶೇಷ ನೆನಪಿಡಬೇಕು. ಬಳ್ಳಾರಿ, ಕೊಪ್ಪಳಗಳಲ್ಲಿ ಮೇ 1, 2ರ ಆಸುಪಾಸು, ರಾಯಚೂರಿನಲ್ಲಿ ಮೇ 5ರ ಆಸುಪಾಸು ನಡುಹಗಲಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದಾದ ಮೇಲೆ ಆಗಸ್ಟ್‌ವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಡುಹಗಲಿನ ನೆರಳು ಉತ್ತರಕ್ಕೇ ಬೀಳುತ್ತದೆ ಎಂದು ಪಾಠದಿಂದ ಬಾಯಿಪಾಠ ಮಾಡಿದ ಮಗು ಇಲ್ಲಿ ತಪ್ಪುತ್ತದೆ. ಬೆಳಿಗ್ಗೆ ಅಥವಾ ಸಂಜೆ ನೆರಳಿನ ತುದಿಯನ್ನು ಎರಡು ಸಲ ಗುರುತು ಮಾಡಿ ಗೆರೆ ಎಳೆದರೆ ಪಶ್ಚಿಮ–ಪೂರ್ವ ಸಿಗುತ್ತದೆ, ಮೊದಲ ಗುರುತು ಪಶ್ಚಿಮ. ಶಿಬಿರ ಆ ವಾರವೇ ಬಂದರೆ ನೆರಳಿಲ್ಲದ ಕ್ಷಣವನ್ನು ಮಕ್ಕಳಿಗೆ ತೋರಿಸದೆ ಬಿಡಬೇಡಿ. ಎರಡು ನಿಮಿಷ ಬಿಸಿಲಿಗೆ ಬಂದು ನೋಡಿ ಮತ್ತೆ ನೆರಳಿಗೆ ಹೋದರಾಯಿತು.

ನಕ್ಷತ್ರ ವೀಕ್ಷಣೆಗೆ ದೂರದರ್ಶಕ ಬೇಕಾ?

ಬರಿಗಣ್ಣು ಸಾಕು. ಊರ ದೀಪಗಳಿಂದ ದೂರವಿದ್ದರೆ ಇನ್ನೂ ಒಳ್ಳೆಯದು. ಬೇಸಿಗೆಯ ರಾತ್ರಿ ತಂಪಾಗಿರುತ್ತದೆ, ಮಳೆ ಮೋಡ ಇನ್ನೂ ಬಂದಿರುವುದಿಲ್ಲ, ನಮ್ಮ ಬಯಲು ಸೀಮೆಯಲ್ಲಿ ದಿಗಂತ ನಾಲ್ಕೂ ಕಡೆ ತೆರೆದಿರುತ್ತದೆ. ಹಗಲಿನ ಬಿಸಿಲು ಕಸಿದುಕೊಂಡದ್ದನ್ನು ರಾತ್ರಿ ಮರಳಿ ಕೊಡುವ ತರಗತಿ ಇದು. ನಮ್ಮ ಶಿಬಿರಗಳಲ್ಲಿ ಇದಕ್ಕೆ ಇರಬೇಕಾದಷ್ಟು ಬೇಡಿಕೆ ಇಲ್ಲ ಎಂಬ ಕೊರಗು ನಮಗಿದೆ.

ಮೇ ನಡುವಿನಲ್ಲಿ ರಾತ್ರಿ 9ರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಮೇಲೆ ಕಾಣುತ್ತದೆ. ಅದರ ಮುಂದಿನ ಎರಡು ನಕ್ಷತ್ರಗಳ ಗೆರೆಯನ್ನು ಕೆಳಗೆ ಎಳೆದರೆ ಧ್ರುವ. ಅದು ದಿಗಂತದಿಂದ ಬಳ್ಳಾರಿಯಲ್ಲಿ 15 ಡಿಗ್ರಿ, ರಾಯಚೂರಿನಲ್ಲಿ 16 ಡಿಗ್ರಿ ಎತ್ತರ. ಊರಿನ ಅಕ್ಷಾಂಶ ಎಷ್ಟೋ ಅಷ್ಟೇ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಹಾಗಾಗಿ ಒಂದೂವರೆ ಮುಷ್ಟಿ. ಸಪ್ತರ್ಷಿಯ ಬಾಲದ ಬಾಗನ್ನು ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ತಿರುಗಿ ದಕ್ಷಿಣ ದಿಗಂತದತ್ತ ನೋಡಿದರೆ ತಗ್ಗಿನಲ್ಲಿ ಶಿಲುಬೆಯಾಕಾರದ ತ್ರಿಶಂಕು. ದೆಹಲಿಯ ಮಕ್ಕಳಿಗೆ ಅದು ದಿಗಂತದಂಚಿಗೇ ಅಂಟಿರುತ್ತದೆ, ನಮಗೆ ಚೆನ್ನಾಗಿ ಕಾಣುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ನಕ್ಷತ್ರ ಎಣಿಸುವ ರೈತರ ಮನೆಯ ಮಕ್ಕಳಿಗೆ ಹೆಸರುಗಳು ಆಗಲೇ ಗೊತ್ತು, ಆಕಾಶದಲ್ಲಿ ತೋರಿಸುವವರು ಬೇಕಷ್ಟೇ.

ಈಜು ತರಗತಿಗೆ ಹಾಕಲೇ? ತುಂಗಭದ್ರೆ ಪಕ್ಕದಲ್ಲೇ ಇದೆ.

ಸುತ್ತಲೂ ಕಟ್ಟೆಯಿರುವ ಈಜುಕೊಳ, ಬಲ್ಲ ತರಬೇತುದಾರ, ಕಾವಲಿಗೆ ಇನ್ನೊಬ್ಬ ದೊಡ್ಡವರು, ಕೈಗೆಟಕುವ ಹಗ್ಗ ಮತ್ತು ಟ್ಯೂಬ್ ಇವಿಷ್ಟೂ ಇದ್ದರೆ ಹಾಕಿ. ಒಂದು ಇಲ್ಲದಿದ್ದರೂ ಬೇಡ.

ಹೊಳೆ, ಕೆರೆ, ಕಾಲುವೆಗಳಲ್ಲಿ ಈಜು ಕಲಿಸುವ ಶಿಬಿರಕ್ಕೆ ಮಗುವನ್ನು ಕಳಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ತುಂಗಭದ್ರೆಯ ಕಾಲುವೆಗಳ ದಡ ಇಳಿಜಾರಾಗಿ, ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರು ಈಜು ಬಂದರೂ ಹತ್ತಿ ಬರಲಾರರು. ಆನೆಗೊಂದಿ, ಸಣಾಪುರದ ಕಡೆ ನೀರಿನ ಕೆಳಗೆ ಬಂಡೆಗಳ ಸಂದು, ಸುಳಿ. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆಗಳಿವೆ. ಹೊಳೆಯನ್ನು ದಡದಿಂದ ನೋಡಿ ಕಲಿಯುವುದು ಬೇಕಾದಷ್ಟಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆಯ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ.

ಈಜು ಬಾರದ ಮಗುವಿಗೂ ಒಂದನ್ನು ಕಲಿಸಿ: ಯಾರಾದರೂ ಮುಳುಗುತ್ತಿದ್ದರೆ ತಾನು ನೀರಿಗೆ ಇಳಿಯದೆ ಕೂಗಿ ಜನ ಸೇರಿಸುವುದು, ಕೋಲು, ಸೀರೆ, ಹಗ್ಗ ಏನಾದರೂ ಚಾಚುವುದು, ಖಾಲಿ ಕೊಡವನ್ನೋ ಮುಚ್ಚಿದ ಕ್ಯಾನನ್ನೋ ಎಸೆಯುವುದು. ಒಬ್ಬರನ್ನು ಉಳಿಸಲು ಹಾರಿ ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯೂ ಓದುತ್ತೇವೆ.

ನಿಸರ್ಗ ವೀಕ್ಷಣೆಗೆ ನಮ್ಮ ಬರಡು ಸೀಮೆಯಲ್ಲಿ ಏನಿದೆ?

ಬರಡು ಅನ್ನಬೇಡಿ. ದರೋಜಿಯಲ್ಲಿ ಕರಡಿಗಳಿಗಾಗಿಯೇ 1994ರಲ್ಲಿ ಧಾಮ ಮಾಡಿದ್ದಾರೆ. ಅಲ್ಲಿನ ಬಂಡೆಗುಡ್ಡಗಳಲ್ಲಿ ಹಳದಿ ಕತ್ತಿನ ಪಿಕಳಾರವಿದೆ, ಬೇರೆ ಊರಿನವರು ಅದನ್ನು ನೋಡಲೆಂದೇ ಬರುತ್ತಾರೆ. ಸಿರುಗುಪ್ಪದ ಎರೆ ಭೂಮಿಯಲ್ಲಿ ಎರೆಭೂತ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿದೆ. ಅದನ್ನು ಹುಡುಕಿಕೊಂಡು ಹೋಗಿ ಬೆದರಿಸುವುದು ಬೇಡ, ಅದರ ಬಗ್ಗೆ ತಿಳಿದರೆ ಸಾಕು. ಶಾಲೆಯ ಅಂಗಳದ ಬೇವು, ಜಾಲಿ, ಹಾದಿಬದಿಯ ತಂಗಡಿ ಹೂವು, ಬಾರಿ ಕಂಟಿ ಇವುಗಳಿಂದಲೇ ಶುರುಮಾಡಿ. ಹತ್ತು ಗಿಡ, ಹತ್ತು ಹಕ್ಕಿಯ ಹೆಸರು ನಮ್ಮೂರಿನ ಮಾತಿನಲ್ಲಿ ಬರೆದುಕೊಂಡು ಬರಲಿ.

ಚಾರಣ ಎಲ್ಲಿಗೆ ಇದ್ದರೆ ಒಳ್ಳೆಯದು?

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, ರಾಯಚೂರು ಸೀಮೆಯಲ್ಲಿ ಮಸ್ಕಿ, ಮುದಗಲ್ ಕೋಟೆ, ಬಳ್ಳಾರಿಯಲ್ಲಿ ಕೋಟೆ ಗುಡ್ಡ. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದು ಇತಿಹಾಸಕಾರರಿಗೆ ದೊಡ್ಡ ಆಧಾರವಾಯಿತು. ಅಂಜನಾದ್ರಿಯ 575 ಮೆಟ್ಟಿಲನ್ನು ಸೂರ್ಯ ಏರುವ ಮುಂಚೆ ಹತ್ತಿ ಇಳಿಯಬೇಕು, ಬಂಡೆ ಕಾದ ಮೇಲೆ ಅಲ್ಲ. ಹೊಸ ಬೂಟು ಹಾಕಿಸಿ ಕಳಿಸಬೇಡಿ. ಹಳೆಯದೇ ಸರಿ, ಹತ್ತಿ ಸಾಕ್ಸ್ ಜೊತೆ.

ಗೆಳೆಯರು ಆರಿಸಿದ್ದನ್ನೇ ತಾನೂ ಆರಿಸುತ್ತೇನೆ ಅನ್ನುತ್ತಾನೆ ಮಗ.

ಒಂದು ತರಗತಿಗೆ ಆಗಲಿ ಬಿಡಿ, ಮೊದಲ ಸಲ ಮನೆ ಬಿಟ್ಟು ಮಲಗುವ ಮಗುವಿಗೆ ಅದರಿಂದ ಧೈರ್ಯ ಬರುತ್ತದೆ. ಎರಡನೆಯದು ಅವನದೇ ಆಗಿರಲಿ. ಹೇಗೂ ಪೆಟ್ರೋಲ್ ಆರೆಂಟು ಮಕ್ಕಳದ್ದು. ಊಟ, ನಿದ್ದೆ, ಕೆಲಸ ಎಲ್ಲ ಅವರ ಜೊತೆಯೇ. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೂ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಮಾಡಿದ್ದರು. ಹೊಸ ಗೆಳೆತನ ಅಲ್ಲಿ ತಾನಾಗಿ ಆಗುತ್ತದೆ.

ಶಿಬಿರದ ಮಧ್ಯೆ ಮಗಳು ಮುಟ್ಟಾದರೆ ತರಗತಿ ತಪ್ಪುತ್ತದೆಯೇ?

ತಪ್ಪಬೇಕಿಲ್ಲ. ಚಾರಣ, ಅಡುಗೆ, ಧ್ವಜಾರೋಹಣ, ಪ್ರಾರ್ಥನೆ ಯಾವುದಕ್ಕೂ ಅಡ್ಡಿಯಿಲ್ಲ. ಹೊಟ್ಟೆನೋವಿದ್ದರೆ ಆ ದಿನ ವಿಶ್ರಾಂತಿ, ಅಷ್ಟೇ. ದಿನ ಹತ್ತಿರವಿರಲಿ ಇಲ್ಲದಿರಲಿ ಪ್ಯಾಡ್, ಎರಡು ಜೊತೆ ಒಳಉಡುಪು, ಹಳೆಯ ಪೇಪರ್ ಹಾಳೆ ಚೀಲದಲ್ಲಿಡಿ. ಇನ್ನೂ ಶುರುವಾಗದ ಹುಡುಗಿಯರಿಗೂ ಹೇಳಿ ಕಳಿಸಿ. ಸ್ನಾನದ ಕೋಣೆ, ನೀರು, ಕಸ ಹಾಕುವ ವ್ಯವಸ್ಥೆ ಹೇಗಿದೆ, ರಾತ್ರಿ ಗೈಡ್ ಕ್ಯಾಪ್ಟನ್ ಮಕ್ಕಳ ಜೊತೆಯೇ ಇರುತ್ತಾರೆಯೇ ಎಂದು ಅರ್ಜಿ ಕೊಡುವ ಮುಂಚೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಚೀಲದಲ್ಲಿ ಏನೇನು ಇರಬೇಕು?

ಸಮವಸ್ತ್ರ, ಸ್ಕಾರ್ಫ್, ವಾಗಲ್ (ಸ್ಕಾರ್ಫನ್ನು ಕೊರಳಲ್ಲಿ ಹಿಡಿದಿಡುವ ಬಳೆ). ಹತ್ತಿ ಬಟ್ಟೆ, ಟೋಪಿ, ಚಾಪೆ, ತೆಳು ಹೊದಿಕೆ, ಸೊಳ್ಳೆಪರದೆ. ಸ್ಟೀಲ್ ತಟ್ಟೆ, ಲೋಟ, ದೊಡ್ಡ ನೀರಿನ ಬಾಟಲಿ. ಟಾರ್ಚ್, ಅಭ್ಯಾಸದ ಹಗ್ಗ, ನೋಟ್‌ಬುಕ್, ಪೆನ್ಸಿಲ್. ಎಲ್ಲದರ ಮೇಲೆ ಹೆಸರು. ತಿನ್ನಲು ಶೇಂಗಾ ಉಂಡೆ, ಹುರಿಗಡಲೆ ನಡೆಯುತ್ತದೆ, ಮಂದಿಗೆ ಹಂಚುವಷ್ಟಿರಲಿ. ಬಿಸಿಲಿಗೆ ಕೆಡುವ ಪದಾರ್ಥ ಬೇಡ. ಚೀಲವನ್ನು ಮಗುವೇ ತುಂಬಲಿ. ಅವ್ವ ತುಂಬಿದ ಚೀಲದಲ್ಲಿ ಟಾರ್ಚ್ ಎಲ್ಲಿದೆಯೆಂದು ರಾತ್ರಿ ಮಗುವಿಗೆ ಸಿಗುವುದಿಲ್ಲ. ಬೆಳಿಗ್ಗೆ ಬೂಟು ಹಾಕುವ ಮುಂಚೆ ಬೋರಲು ಹಿಡಿದು ಕೊಡವಬೇಕು ಎಂಬುದನ್ನೂ ಹೇಳಿಕೊಡಿ. ಚೇಳಿಗೆ ಬೂಟಿನ ಒಳಗಿನ ಕತ್ತಲು ಇಷ್ಟ.

ಮಗುವಿಗೆ ಉಬ್ಬಸ, ಮೂರ್ಛೆ, ಅಲರ್ಜಿ ಏನಾದರೂ ಇದ್ದರೆ ಹೇಳಿದರೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯ.

ಹೇಳಲೇಬೇಕು. ಬರೆದೇ ಕೊಡಿ. ಯಾವ ಔಷಧ, ಯಾವ ಹೊತ್ತಿಗೆ, ಎಷ್ಟು, ನೋಡುವ ವೈದ್ಯರ ಫೋನ್ ಸಂಖ್ಯೆ ಎಲ್ಲ ಒಂದು ಹಾಳೆಯಲ್ಲಿ ಬರೆದು, ಔಷಧದ ಜೊತೆ ಶಿಬಿರ ನಾಯಕರ ಕೈಗೇ ಕೊಡಿ, ಮಗುವಿನ ಚೀಲದಲ್ಲಿ ಹಾಕಿ ಬಿಡಬೇಡಿ. ಉಬ್ಬಸದ ಪಂಪ್ ಮಾತ್ರ ಮಗುವಿನ ಬಳಿಯೂ ಒಂದಿರಲಿ. ಹೊಗೆ ತಾಳದ ಮಗುವಿಗೆ ಅಡುಗೆಯ ಬದಲು ನಕ್ಷೆ, ಗಂಟು ಕಲಿಕೆ ಆರಿಸಬಹುದು. ಮೂರ್ಛೆ ಬರುವ ಮಗುವಿಗೆ ಈಜು ಮತ್ತು ಎತ್ತರ ಹತ್ತುವ ಕೆಲಸ ವೈದ್ಯರು ಒಪ್ಪಿದರೆ ಮಾತ್ರ. ಅಂಗವೈಕಲ್ಯ ಇರುವ ಮಕ್ಕಳೂ ಬರುತ್ತಾರೆ, ಬರಬೇಕು. ತರಗತಿ ಕಲಿಸುವವರ ಜೊತೆ ಒಂದು ವಾರ ಮುಂಚೆ ಕೂತು ಮಾತಾಡಿದರೆ ಬಹುತೇಕ ಎಲ್ಲದಕ್ಕೂ ದಾರಿ ಸಿಗುತ್ತದೆ.

ಕೇಳಿದ ತರಗತಿ ಸಿಗಲಿಲ್ಲ, ಭರ್ತಿಯಾಗಿದೆ ಎಂದರು. ಏನು ಮಾಡಲಿ?

ಅರ್ಜಿಯಲ್ಲಿ ಮೊದಲೇ ಮೂರನೆಯ ಆಯ್ಕೆಯನ್ನೂ ಬರೆದಿಡಿ. ಅದೂ ತುಂಬಿದ್ದರೆ ಪ್ರಥಮ ಚಿಕಿತ್ಸೆಗೆ ಹಾಕಿ, ಅದಕ್ಕೆ ಸಾಮಾನ್ಯವಾಗಿ ಜಾಗ ಮಾಡುತ್ತಾರೆ. ತಪ್ಪಿದ ತರಗತಿಗೆ ಮಾಡಿಕೊಂಡ ತಯಾರಿ ಹಾಳಾಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಿಮ್ಮ ದಳದ ವಾರದ ಸಭೆಯಲ್ಲಿ ಅದನ್ನೇ ಕಲಿಸಲು ಸ್ಕೌಟ್ ಮಾಸ್ಟರ್‌ಗೆ ಮಗುವೇ ಕೇಳಲಿ. ಅರ್ಧಕ್ಕೆ ನಿಂತ ಬ್ಯಾಡ್ಜ್ ಕೆಲಸವೂ ಅಷ್ಟೇ. ಶಿಬಿರದಲ್ಲಿ ಏನೇನು ಮುಗಿಯಿತು ಎಂದು ಕಲಿಸಿದವರಿಂದ ಅಲ್ಲೇ ಸಹಿ ಹಾಕಿಸಿಕೊಂಡು ಬನ್ನಿ. ಆಮೇಲೆ ಅವರನ್ನು ಹುಡುಕುವುದು ಕಷ್ಟ.